ಜಟಿಂಗ ರಾಮೇಶ್ವರದ ಬೆಟ್ಟವೂ ವಿಷದ ಕಲ್ಲೂ

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಕಾಲೇಜಿನ ಇತಿಹಾಸ ವಿಭಾಗದ ವಿದ್ಯಾರ್ಥಿಗಳಾದ ನಾವು ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರಕ್ಕೆ ಅಧ್ಯಯನ ಪ್ರವಾಸ ಹೋಗಿದ್ದೆವು. ಆ ಪ್ರವಾಸದ ವರದಿಯನ್ನು ಬರೆಯುವುದು ಇಲ್ಲಿ ನನ್ನ ಉದ್ದೇಶವಲ್ಲ. ಬೆಟ್ಟದ ಬುಡದಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಹುದುಗಿದ್ದ ಪ್ರಶ್ನೆಯೊಂದನ್ನು ಮತ್ತೆ ಎಬ್ಬಿಸಿತು. ಒಂದು ಕಲ್ಲಿಗೆ ರೋಗವನ್ನು ಕಳೆಯುವ ಶಕ್ತಿಯಿದೆ ಎಂದು ಹಿರಿಯರು ಹೇಳಿದರೆ ಅದನ್ನು ನಂಬಬೇಕೇ, ಪರೀಕ್ಷಿಸಬೇಕೇ? ಪರೀಕ್ಷಿಸಿದರೆ ಹಿರಿಯರಿಗೂ ದೇವರಿಗೂ ಅಪಚಾರವಾಗುತ್ತದೆಯೇ? ಈ ಪ್ರಶ್ನೆಯನ್ನು ನನಗೆ ತೋಚಿದಷ್ಟು ವಿಚಾರಮಾಡಿ ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುತ್ತಿದ್ದೇನೆ.

ಜಟಿಂಗ ರಾಮೇಶ್ವರದ ಬೆಟ್ಟ ಸುಮಾರು 3,469 ಅಡಿ ಎತ್ತರವೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲಿಯೇ ಎಂಬುದು ಸ್ಥಳಪುರಾಣ. ಬೆಟ್ಟದ ಮೇಲಿನ ರಾಮೇಶ್ವರನ ಗುಡಿ ಬಹು ಪುರಾತನವಾದುದು. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಬೆಟ್ಟ ಮುಖ್ಯವಾಗಲು ಇನ್ನೊಂದು ಕಾರಣವಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಈ ಬೆಟ್ಟ ಹೀಗೆ ಹತ್ತಿರ ಹತ್ತಿರದ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಬೆಟ್ಟದ ಮೇಲಿನ ಶಾಸನ ಹಾಸುಬಂಡೆಯ ಮೇಲಿದ್ದು ತೀರ ಸವೆದಿದೆ. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಜನರು ಅದನ್ನು 'ಬಳೆಗಾರ ಗುಂಡು' ಎಂದು ಕರೆದರು. ಅಕ್ಷರ ತಿಳಿಯದ ಜನರಿಗೆ ಆ ಬಂಡೆ ಬಳೆ ಹರಡಲು ಅನುಕೂಲವಾದ ಜಾಗ. ತಿಳಿದವರಿಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕ ಹಳೆಯ ಪತ್ರ. ಕಲ್ಲೊಂದೇ, ನೋಡುವ ಕಣ್ಣು ಎರಡು.

ನಾವು ಬೆಟ್ಟ ಇಳಿದು ಬರುವಾಗ ದಾರಿಯ ಬದಿಯಲ್ಲಿ ಒಬ್ಬ ಮುದುಕ ಗೋಣಿತಾಟಿನ ಮೇಲೆ ಬೇರು, ದಾರ, ಸ್ಫಟಿಕದ ಚೂರು ಮೊದಲಾದವುಗಳನ್ನು ಹರಡಿಕೊಂಡು ಕುಳಿತಿದ್ದ. ಅವುಗಳ ನಡುವೆ ಹುಣಿಸೆಬೀಜದಷ್ಟು ದೊಡ್ಡದಾದ, ನುಣುಪಾದ ಕಪ್ಪು ಬಿಲ್ಲೆಗಳಿದ್ದವು. "ಇದು ವಿಷದ ಕಲ್ಲು. ಜಟಾಯು ಗರುಡನ ವಂಶ. ಅವನು ಬಿದ್ದ ಬೆಟ್ಟದ ಕಲ್ಲು ಅಂದ್ರೆ ಹಾವಿನ ವಿಷ ನಿಲ್ತದಾ?" ಎಂದು ಆತ ಕೇಳಿದ. ನನ್ನ ಗೆಳತಿ ಒಂದನ್ನು ಕೊಂಡಳು. ನಾನು ಕೊಳ್ಳಲಿಲ್ಲ, ಏಕೆಂದರೆ ಅಂತಹ ಕಲ್ಲು ನಮ್ಮ ಮನೆಯಲ್ಲಿ ಆಗಲೇ ಇತ್ತು.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮುತ್ತಜ್ಜ ಜಟಿಂಗ ರಾಮೇಶ್ವರದ ಜಾತ್ರೆಯಿಂದ ತಂದ ವಿಷದ ಕಲ್ಲನ್ನು ಅಜ್ಜಿ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿಟ್ಟು ಪೂಜಿಸುತ್ತಿದ್ದರು. ಹಾವು ಕಚ್ಚಿದವರು ಯಾವ ಹೊತ್ತಿನಲ್ಲಿ ಬಂದರೂ ಕಲ್ಲನ್ನು ಗಾಯಕ್ಕೆ ಹಚ್ಚುತ್ತಿದ್ದರು, ಕಾಸು ಮುಟ್ಟುತ್ತಿರಲಿಲ್ಲ. ಕಲ್ಲು ಗಾಯಕ್ಕೆ ಅಂಟಿಕೊಂಡರೆ ವಿಷವಿದೆಯೆಂದೂ, ತಾನಾಗಿ ಬಿದ್ದರೆ ವಿಷವನ್ನೆಲ್ಲ ಹೀರಿತೆಂದೂ, ಅನಂತರ ಹಾಲಿಗೆ ಹಾಕಿದಾಗ ಏಳುವ ಗುಳ್ಳೆಗಳೇ ಆ ವಿಷವೆಂದೂ ಹೇಳುತ್ತಿದ್ದರು. ನನ್ನ ಚಿಕ್ಕಪ್ಪನಿಗೆ ಶೇಂಗಾ ಕೀಳುವಾಗ ಹಾವು ಕಚ್ಚಿತ್ತು, ಕಲ್ಲು ಹಚ್ಚಿದರು, ಮರುದಿನ ಅವರು ಹೊಲಕ್ಕೆ ಹೋದರು. ಆ ಮೇಲೆ ಸುತ್ತಲಿನ ಹಳ್ಳಿಗಳವರೆಲ್ಲ ನಮ್ಮ ಮನೆಯ ಕಲ್ಲನ್ನು ನಂಬಿದರು.

ನಾನು ಐದನೆಯ ತರಗತಿಯಲ್ಲಿದ್ದಾಗ ದೊಡ್ಡಪ್ಪನ ಮಗ, ನಾನು ಅಣ್ಣ ಎಂದು ಕರೆಯುತ್ತಿದ್ದವನು, ರಾತ್ರಿ ತೋಟಕ್ಕೆ ನೀರು ಕಟ್ಟಲು ಹೋಗಿದ್ದ. ಬದುವಿನ ಮೇಲೆ ಮಂಡಲದ ಹಾವು ಹಿಮ್ಮಡಿಯ ಮೇಲೆ ಕಚ್ಚಿತು. ಅವನನ್ನು ಪಡಸಾಲೆಯಲ್ಲಿ ಮಲಗಿಸಿದರು. ಅಜ್ಜಿಗೆ ಕೈ ನಡುಗುತ್ತಿತ್ತು. ಗೂಡಿನಿಂದ ಕಲ್ಲನ್ನು ಓಡಿಹೋಗಿ ತಂದುಕೊಟ್ಟವಳು ನಾನೇ. ಕಲ್ಲು ಅಂಟಿತು, ಕಾಲು ಗಂಟೆಯ ಮೇಲೆ ಬಿತ್ತು, ಹಾಲಿನಲ್ಲಿ ಗುಳ್ಳೆ ಎದ್ದವು. ಎಲ್ಲರೂ ಕೈಮುಗಿದರು. ಅಣ್ಣನೂ ನಕ್ಕು, "ಇನ್ನೇನಿಲ್ಲ, ಮಲಗ್ರಿ" ಎಂದ. ಬೆಳಗಿನ ಜಾವಕ್ಕೆ ಕಾಲು ಮೊಣಕಾಲಿನವರೆಗೆ ಬಾತು, ವಸಡಿನಲ್ಲಿ ರಕ್ತ ಒಸರತೊಡಗಿತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಚ್ಚಿ ಎಂಟು ಗಂಟೆಗಳಾಗಿದ್ದವು. ವೈದ್ಯರು ತಮ್ಮಿಂದಾದುದನ್ನೆಲ್ಲ ಮಾಡಿದರು. ಮೂತ್ರಪಿಂಡಗಳು ಕೆಟ್ಟು ನಾಲ್ಕನೆಯ ದಿನ ಅಣ್ಣ ತೀರಿಕೊಂಡ. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಊರಿನವರು, "ಅವನ ಆಯುಷ್ಯ ಅಷ್ಟೇ, ಕಲ್ಲು ಏನು ಮಾಡೀತು?" ಎಂದರು. ಚಿಕ್ಕಪ್ಪ ಬದುಕಿದಾಗ ಕಲ್ಲಿನ ಮಹಿಮೆ, ಅಣ್ಣ ಸತ್ತಾಗ ಆಯುಷ್ಯದ ಕೊರತೆ. ಈ ಲೆಕ್ಕ ಸರಿಯಿಲ್ಲವೆಂದು ಆಗಲೇ ಅನ್ನಿಸಿದರೂ ಅದನ್ನು ಹೇಳುವ ಭಾಷೆ ನನಗೆ ಗೊತ್ತಿರಲಿಲ್ಲ.

ಆ ಭಾಷೆ ನಮ್ಮ ತರ್ಕಶಾಸ್ತ್ರದಲ್ಲಿಯೇ ಇದೆಯೆಂದು ಕಾಲೇಜಿಗೆ ಬಂದ ಮೇಲೆ ತಿಳಿಯಿತು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಶಬ್ದವೆಂದರೆ ಆಪ್ತವಾಕ್ಯ, ಎಂದರೆ ವಿಷಯವನ್ನು ಬಲ್ಲ, ಸತ್ಯವನ್ನೇ ಹೇಳುವವರ ಮಾತು. ಅಜ್ಜಿ ಸತ್ಯವನ್ನೇ ಹೇಳುವವರು. ಆದರೆ ವಿಷವು ದೇಹದಲ್ಲಿ ಹೇಗೆ ಹರಿಯುತ್ತದೆಂಬುದನ್ನು ಬಲ್ಲವರಲ್ಲ. ಅವರ ಪ್ರಾಮಾಣಿಕತೆ ಅವರ ಮಾತಿಗೆ ಪ್ರಮಾಣವಾಗಲಾರದು. ಕಾಗೆ ಬಂದು ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಲ್ಪಿಸುವುದನ್ನು ನಮ್ಮವರು ಕಾಕತಾಳೀಯ ಎಂದಿದ್ದಾರೆ. ಕಲ್ಲು ಹಚ್ಚಿದ ಮೇಲೆ ಚಿಕ್ಕಪ್ಪ ಬದುಕಿದರೆಂಬುದು ನಿಜ. ಕಲ್ಲು ಹಚ್ಚಿದ್ದರಿಂದ ಬದುಕಿದರೆಂಬುದು ಬೇರೆಯೇ ಮಾತು. ನಮ್ಮ ನಾಡಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಎಲ್ಲ ಸಲ ವಿಷ ಇಳಿಯುವುದಿಲ್ಲ. ಹಾಗೆ ಕಚ್ಚಿಸಿಕೊಂಡವರಿಗೆ ಕಲ್ಲನ್ನು ಹಚ್ಚಿದರೂ ಬದುಕುತ್ತಾರೆ, ಹುಣಿಸೆಬೀಜ ಹಚ್ಚಿದರೂ ಬದುಕುತ್ತಾರೆ.

ಪ್ರವಾಸದಿಂದ ಬಂದ ಮೇಲೆ ಕಲ್ಲನ್ನು ಪರೀಕ್ಷಿಸಲು ನಿಶ್ಚಯಿಸಿದೆ. ಅಜ್ಜಿಯ ಮುಂದೆ ಬಾಯಿ ಬಿಡಲು ಎರಡು ದಿನ ಬೇಕಾಯಿತು. ಅವರು ಸುಮ್ಮನೆ ಕೇಳಿಸಿಕೊಂಡು, ಗೂಡಿನಿಂದ ಕಲ್ಲನ್ನು ತೆಗೆದು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, "ಪರೀಕ್ಷೆಗೆ ಹೆದರೋ ದೇವರು ದೇವರೇನಮ್ಮ? ತಗಂಡೋಗು" ಎಂದರು.

ನಮ್ಮದು ಕಲಾ ಕಾಲೇಜಾದ್ದರಿಂದ ಪ್ರಯೋಗಶಾಲೆಯಿಲ್ಲ. ಪಕ್ಕದ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು ದಯವಿಟ್ಟು ಒಂದು ಸಂಜೆಯನ್ನು ನಮಗಾಗಿ ಮೀಸಲಿಟ್ಟರು. ಅವರ ಮೊದಲ ಮಾತೇ ಪಾಠವಾಯಿತು: "ಕಲ್ಲೊಂದನ್ನೇ ತಂದರೆ ಸಾಲದು. ಅದರ ಜೊತೆ ಹೋಲಿಸಿ ನೋಡಲು ಮಹಿಮೆಯಿಲ್ಲದ ವಸ್ತುಗಳೂ ಬೇಕು." ಆದ್ದರಿಂದ ನಾವು ಐದು ಚೂರುಗಳನ್ನು ಇಟ್ಟುಕೊಂಡೆವು: ನಮ್ಮ ಮನೆಯ ಕಲ್ಲು, ಗೆಳತಿ ಕೊಂಡ ಕಲ್ಲು, ಬೆಟ್ಟದಿಂದ ಆರಿಸಿ ತಂದಿದ್ದ ಒಂದು ಹರಳು, ಹೊಸ ಮಡಕೆಯ ಚೂರು, ಮತ್ತು ಹಿಂದಿನ ದಿನ ನಾವೇ ಮುಚ್ಚಿದ ಡಬ್ಬಿಯಲ್ಲಿಟ್ಟು ಒಲೆಯಲ್ಲಿ ಕಪ್ಪಗೆ ಸುಟ್ಟ ಕುರಿಯ ಮೂಳೆ.

ಮೊದಲು ಒಂದೊಂದನ್ನೂ ಒದ್ದೆ ಬೆರಳಿಗೆ ಹಚ್ಚಿದೆವು. ವಿಷದ ಕಲ್ಲುಗಳೆರಡೂ ಅಂಟಿದವು, ಮೂಳೆಯೂ ಅಂಟಿತು, ಮಡಕೆಯ ಚೂರೂ ಸ್ವಲ್ಪ ಅಂಟಿತು. ಬೆಟ್ಟದ ಹರಳು ಅಂಟಲಿಲ್ಲ. ನನ್ನ ಬೆರಳಿನಲ್ಲಿ ವಿಷವಿರಲಿಲ್ಲ, ನೀರು ಮಾತ್ರ ಇತ್ತು. ಸಣ್ಣ ಸಣ್ಣ ರಂಧ್ರಗಳಿರುವ ಯಾವುದೇ ಒಣ ವಸ್ತು ತೇವವನ್ನು ಹೀರಿ ಅಂಟಿಕೊಳ್ಳುತ್ತದೆ. ರಂಧ್ರ ತುಂಬಿದ ಮೇಲೆ ಬಿದ್ದುಹೋಗುತ್ತದೆ. ಅನಂತರ ಎಲ್ಲವನ್ನೂ ಚೆನ್ನಾಗಿ ಒಣಗಿಸಿ ಹಾಲಿಗೆ ಹಾಕಿದೆವು. ಅಂಟಿದ ನಾಲ್ಕೂ ಚೂರುಗಳಿಂದ ಗುಳ್ಳೆ ಎದ್ದವು. ಬರಿಯ ನೀರಿಗೆ ಹಾಕಿದಾಗಲೂ ಎದ್ದವು. ಅದು ರಂಧ್ರಗಳೊಳಗಿನ ಗಾಳಿ. ಅಣ್ಣ ಮಲಗಿದ್ದ ಆ ರಾತ್ರಿ ನಾವೆಲ್ಲರೂ ಕೈಮುಗಿದದ್ದು ಆ ಗಾಳಿಗೆ. ಹಾಲಿನ ಲೋಟವನ್ನು ನೋಡುತ್ತ ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಕಡೆಯಲ್ಲಿ ಅಧ್ಯಾಪಕರು ವಿಷದ ಕಲ್ಲಿನಿಂದ ಸ್ವಲ್ಪ ಪುಡಿಯನ್ನು ಕೆರೆದು ಬೆಂಕಿಯ ಮೇಲೆ ಕಾಯಿಸಿದರು. ಕಪ್ಪು ಪುಡಿ ಬೆಳ್ಳಗಾಯಿತು. ಅದನ್ನು ಆಮ್ಲದಲ್ಲಿ ಕರಗಿಸಿ ಅಮೋನಿಯಂ ಮಾಲಿಬ್ಡೇಟ್ ಸೇರಿಸಿದಾಗ ಹಳದಿ ಬಣ್ಣದ ಗಸಿ ನಿಂತಿತು. ಇದು ಫಾಸ್ಫೇಟಿನ ಗುರುತು. ಕುರಿಯ ಮೂಳೆಯ ಪುಡಿಯೂ ಹಾಗೆಯೇ ವರ್ತಿಸಿತು. ಎಂದರೆ ವಿಷದ ಕಲ್ಲು ಕಲ್ಲೇ ಅಲ್ಲ, ಸುಟ್ಟ ಮೂಳೆ. ಇಷ್ಟು ಕಾಲ ಜಟಿಂಗ ರಾಮೇಶ್ವರದ ಬೆಟ್ಟವು ತನ್ನದಲ್ಲದ ಕೀರ್ತಿಯನ್ನು ಹೊತ್ತು ನಿಂತಿತ್ತು. ನಮ್ಮ ತರಗತಿಯ ಚತುರನೊಬ್ಬ, "ಹಾಗಾದರೆ ಇದು ಜಟಾಯುವಿನ ಮೂಳೆಯೇ ಏಕಾಗಿರಬಾರದು ಸರ್?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಅಧ್ಯಾಪಕರೂ ನಕ್ಕು, "ಆಗಿರಬಹುದು. ಆದರೆ ನೀವು ನಿನ್ನೆ ಸುಟ್ಟ ಕುರಿಯ ಮೂಳೆಯೂ ಅದರಷ್ಟೇ ಕೆಲಸ ಮಾಡಿತಲ್ಲ!" ಎಂದರು.

ನಾವು ಕಂಡದ್ದು ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಂಹಳದಿಂದ ಹೋದ ಇಂತಹ ಕಲ್ಲೊಂದನ್ನು ಮೈಕೇಲ್ ಫ್ಯಾರಡೆ ಪರೀಕ್ಷಿಸಿ, ಅದು ಸುಟ್ಟ ಮೂಳೆಯೆಂದು ತಿಳಿಸಿದರು. ಎಮರ್ಸನ್ ಟೆನೆಂಟ್ 1859ರಲ್ಲಿ ಪ್ರಕಟಿಸಿದ ಸಿಂಹಳದ ಗ್ರಂಥದಲ್ಲಿ ಇದು ದಾಖಲಾಗಿದೆ. ಅದಕ್ಕೂ ಬಹಳ ಹಿಂದೆ, 1667ರಲ್ಲಿ, ಕಿರ್ಷರ್ ಎಂಬ ಜೆಸೂಯಿಟ್ ಪಂಡಿತರು ವಿಷದ ಹಾವು ಕಚ್ಚಿದ ನಾಯಿಯೊಂದು ಈ ಕಲ್ಲಿನಿಂದ ಬದುಕಿತೆಂದು ಬರೆದಿದ್ದರು. ಇಟಲಿಯ ಫ್ರಾನ್ಸೆಸ್ಕೊ ರೇಡಿ ಒಂದು ನಾಯಿಯ ಸಾಕ್ಷ್ಯ ಸಾಲದೆಂದು ಪುನಃ ಪುನಃ ಪ್ರಯೋಗ ನಡೆಸಿ, ಕಲ್ಲಿನಿಂದ ಪ್ರಯೋಜನವಿಲ್ಲವೆಂದು 1671ರಲ್ಲಿ ಪ್ರಕಟಿಸಿದರು. 2007ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಇಲಿಗಳಿಗೆ ಹಾವಿನ ವಿಷವನ್ನು ಚುಚ್ಚಿ ಕಪ್ಪುಕಲ್ಲನ್ನು ಹಚ್ಚಿ ನೋಡಲಾಯಿತು. ಆಗಲೂ ಅದರಿಂದ ರಕ್ಷಣೆ ದೊರೆಯಲಿಲ್ಲ. ಹಲ್ಲಿನ ಮೂಲಕ ಚರ್ಮದ ಕೆಳಗೆ ಇಳಿದ ವಿಷ ಅಲ್ಲಿಯೇ ಕಾಯುತ್ತ ಕೂರುವುದಿಲ್ಲ, ಮಾಂಸದಲ್ಲಿಯೂ ರಕ್ತದಲ್ಲಿಯೂ ಹರಡುತ್ತದೆ. ಮೇಲಿನ ತೇವವನ್ನು ಹೀರುವ ವಸ್ತು ಅದನ್ನು ಹಿಂದಕ್ಕೆ ಕರೆಯಲಾರದು.

ಹಾಗಾದರೆ ಖನಿಜಗಳಿಗೆ ದೇಹದ ಮೇಲೆ ಪ್ರಭಾವವೇ ಇಲ್ಲವೇ? ಖಂಡಿತ ಇದೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಬೆಟ್ಟಗಳ ಗ್ರಾನೈಟ್ ಶಿಲೆಯಲ್ಲಿರುವ ಫ್ಲೋರೈಡು ಕೊಳವೆಬಾವಿಯ ನೀರಿನಲ್ಲಿ ಕರಗಿ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಮ್ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಇನ್ನೂ ಹೆಚ್ಚಾದರೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಭಾರತದಲ್ಲಿ ಈ ರೋಗವನ್ನು ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ 1937ರಲ್ಲಿ ವರದಿಮಾಡಿದರು. ಅಲ್ಲಿಯವರೆಗೆ ಅದನ್ನು ವಯಸ್ಸಿನ ಅಥವಾ ವಿಧಿಯ ಲೆಕ್ಕಕ್ಕೆ ಹಾಕಿದವರು ಎಷ್ಟು ಮಂದಿಯೋ!

ಖನಿಜದಿಂದ ಗುಣವಾಗುವುದಕ್ಕೂ ನಿದರ್ಶನವಿದೆ. ಹಿಮಾಲಯದ ತಪ್ಪಲಿನ ಜನರಲ್ಲಿ ಗಳಗಂಡ ರೋಗ ಬಹಳವಾಗಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು ಕಾಂಗ್ರಾ ಕಣಿವೆಯನ್ನು ಮೂರು ಭಾಗಗಳಾಗಿ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಒದಗಿಸಿದರು. 1962ರ ಹೊತ್ತಿಗೆ ಅಯೋಡಿನ್ ದೊರೆತ ಕಡೆ ರೋಗ ಸ್ಪಷ್ಟವಾಗಿ ಇಳಿಯಿತು. ಇನ್ನೊಂದು ಕಡೆ ಇಳಿಯಲಿಲ್ಲ. ಅನಂತರ ಆ ಭಾಗಕ್ಕೂ ಅಯೋಡಿನ್ ಉಪ್ಪನ್ನೇ ಕೊಡಲಾಯಿತು. ನಾವಿಂದು ಮನೆಯಲ್ಲಿ ಬಳಸುವ ಉಪ್ಪಿನ ಪೊಟ್ಟಣದ ಹಿಂದೆ ಈ ಪ್ರಯೋಗವಿದೆ. ಬರಿಯ ಉಪ್ಪಿನ ಆ ಒಂದು ಭಾಗವಿಲ್ಲದಿದ್ದರೆ ಗುಣ ಅಯೋಡಿನ್ನಿನಿಂದ ಬಂತೋ, ಕಾಲದಿಂದ ಬಂತೋ ಹೇಳುವುದು ಕಷ್ಟವಾಗುತ್ತಿತ್ತು. ನಮ್ಮ ಕುರಿಯ ಮೂಳೆ ಮಾಡಿದ್ದೂ ಇದೇ ಕೆಲಸ.

ಇಷ್ಟು ಹೇಳಿದ ಮಾತ್ರಕ್ಕೆ ನಂಬಿಕೆಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2001ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 80 ಮಂದಿಯ ಮೇಲೆ ಸ್ಫಟಿಕದ ಪರೀಕ್ಷೆ ನಡೆಸಿದ ವಿವರವನ್ನು ಮಂಡಿಸಿದರು. ಕೆಲವರ ಕೈಯಲ್ಲಿ ನಿಜವಾದ ಸ್ಫಟಿಕ, ಕೆಲವರ ಕೈಯಲ್ಲಿ ನಕಲಿ. ಯಾರದು ಯಾವುದೆಂದು ಅವರಿಗೆ ತಿಳಿಯದು. ಮೈ ಬೆಚ್ಚಗಾಯಿತು, ಮನಸ್ಸು ಹಗುರಾಯಿತು ಎಂದು ಎರಡು ಗುಂಪಿನವರೂ ಹೇಳಿದರು. ಶಕ್ತಿ ಸ್ಫಟಿಕದಲ್ಲಿರಲಿಲ್ಲವೆಂದು ಇದರಿಂದ ತಿಳಿಯಿತು. ಆದರೆ ಅವರ ಮನಸ್ಸು ಹಗುರಾದದ್ದು ಸುಳ್ಳಲ್ಲ. ಭಯಗೊಂಡವನ ಪಕ್ಕದಲ್ಲಿ ಅಜ್ಜಿಯೊಬ್ಬರು ಕುಳಿತು ದೇವರ ಹೆಸರು ಹೇಳಿದರೆ ಅವನ ಎದೆಬಡಿತ ಇಳಿದೀತು. ವಿಷ ಮಾತ್ರ ಇಳಿಯದು. ಸಮಾಧಾನವು ಮನಸ್ಸಿಗೆ ಸಂಬಂಧಿಸಿದ ಮಾತು, ಅದನ್ನು ಶ್ರದ್ಧೆ ಕೊಡಬಲ್ಲದು. ವಿಷವು ದೇಹಕ್ಕೆ ಸಂಬಂಧಿಸಿದ ಮಾತು, ಅದನ್ನು ಎಣಿಸಿ, ಅಳೆದು, ಹೋಲಿಸಿ ನೋಡಿದವರನ್ನೇ ಕೇಳಬೇಕು. ಒಂದರ ಮನೆಗೆ ಇನ್ನೊಂದನ್ನು ಯಜಮಾನನಾಗಿ ಮಾಡಿದಾಗ ಅನಾಹುತವಾಗುತ್ತದೆ.

ಈ ವಿವೇಕವನ್ನು ನಾವು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಬ್ರಹ್ಮಗಿರಿಯ ಶಾಸನ ಆರಂಭವಾಗುವುದೇ ಕುಶಲಪ್ರಶ್ನೆಯಿಂದ: ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸುತ್ತಾರೆ. ನಮ್ಮ ನೆಲದ ಅತಿ ಪ್ರಾಚೀನ ಬರಹಗಳಲ್ಲೊಂದರ ಮೊದಲ ಸಾಲುಗಳಲ್ಲೇ ಆರೋಗ್ಯದ ಮಾತಿದೆ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಹದಿನಾಲ್ಕು ದೊಡ್ಡ ಶಿಲಾಶಾಸನಗಳೂ ಇವೆ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನೂ, ಔಷಧದ ಗಿಡಗಳು ಇಲ್ಲದ ಕಡೆಗೆ ತರಿಸಿ ನೆಡಿಸಿದ್ದನ್ನೂ ಹೇಳುತ್ತದೆ. ಒಂಬತ್ತನೆಯದು ಇನ್ನೂ ಸ್ವಾರಸ್ಯವಾದುದು. ರೋಗ ಬಂದಾಗ, ಮದುವೆಯಲ್ಲಿ, ಮಕ್ಕಳಾದಾಗ, ಪ್ರಯಾಣ ಹೊರಡುವಾಗ ಜನರು ನಾನಾ ಮಂಗಲಕಾರ್ಯಗಳನ್ನು ಮಾಡುತ್ತಾರೆ. ಮಾಡಲಿ, ಆದರೆ ಅವುಗಳ ಫಲ ಅಲ್ಪ ಎಂದು ಅರಸ ಹೇಳುತ್ತಾನೆ. ಕಾಲ್ಸಿಯಲ್ಲಿರುವ ಪಾಠದಲ್ಲಿ, ಅಂತಹ ಕಾರ್ಯಗಳ ಫಲ ಸಂಶಯಾಸ್ಪದ, ಉದ್ದೇಶ ಕೈಗೂಡಿದರೂ ಕೂಡೀತು, ಕೂಡದೆಯೂ ಹೋದೀತು ಎಂಬ ಭಾವವಿದೆ. ಆತ ಆಚರಣೆಯನ್ನು ನಿಷೇಧಿಸಲಿಲ್ಲ, ಹೀಯಾಳಿಸಲೂ ಇಲ್ಲ. ಫಲದ ವಿಷಯದಲ್ಲಿ ಮಾತ್ರ ಸಂಶಯಪಟ್ಟ, ಚಿಕಿತ್ಸೆಯ ಏರ್ಪಾಡನ್ನು ಬೇರೆಯಾಗಿ ಮಾಡಿದ.

ನಮ್ಮಲ್ಲಿ ಈ ಮಾತು ಬರಿಯ ಚರ್ಚಾಸ್ಪರ್ಧೆಯ ವಿಷಯವಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು ಹನ್ನೆರಡು ಲಕ್ಷ ಜನರು ಸತ್ತರೆಂದು, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿಯೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಚುಚ್ಚುಮದ್ದು ಇದೆ. ಅದನ್ನು ತಯಾರಿಸಲು ಬೇಕಾದ ವಿಷದ ಬಹುಭಾಗವನ್ನು ತಮಿಳುನಾಡಿನ ಇರುಳ ಜನರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಒದಗಿಸುತ್ತ ಬಂದಿದೆ. ಹಾವಿನ ಜಾಡನ್ನು ಹಿಡಿಯುವ ಅವರ ಪರಂಪರೆಯ ತಿಳಿವಳಿಕೆ ಪರೀಕ್ಷೆಗೆ ನಿಂತು ಗೆದ್ದಿತು, ಆದ್ದರಿಂದ ವಿಜ್ಞಾನ ಅದನ್ನು ಕೈಹಿಡಿಯಿತು.

ಆದುದರಿಂದ ರಜೆಯಲ್ಲಿ ಹಳ್ಳಿಗೆ ಹೋಗುವ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ಯಾರ ಮನೆಯ ದೇವರ ಗೂಡನ್ನೂ ಹೀಯಾಳಿಸಬೇಡಿ. ಆದರೆ ಹಾವು ಕಚ್ಚಿದಾಗ ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗ ಬಿಗಿಯಬಾರದು, ಕಚ್ಚಿಸಿಕೊಂಡವರನ್ನು ನಡೆಸಬಾರದು. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ಪ್ರತಿವಿಷವಿರುವ ಆಸ್ಪತ್ರೆಗೆ ಆ ಕ್ಷಣವೇ ಕರೆದೊಯ್ಯಬೇಕು ಎಂಬುದನ್ನು ಮನೆಮನೆಗೆ ತಿಳಿಸಿ.

ಪ್ರಯೋಗ ಮುಗಿದ ಮೇಲೆ ಕಲ್ಲನ್ನು ಅಜ್ಜಿಗೆ ಹಿಂತಿರುಗಿಸಿದೆ. ಹಾಲಿನ ಗುಳ್ಳೆಯ ಸಂಗತಿಯನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ನೀನು ತಂದ್ಕೊಟ್ಟೆ, ನಾನು ಹಚ್ಚಿದೆ. ಇಬ್ರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ" ಎಂದರು. ಕಲ್ಲು ಈಗಲೂ ಗೂಡಿನಲ್ಲಿದೆ. ಮುತ್ತಜ್ಜ ತಂದದ್ದೆಂದು ಅದಕ್ಕೆ ಕುಂಕುಮವೂ ಸಲ್ಲುತ್ತದೆ. ಹೋದ ತಿಂಗಳು ಪಕ್ಕದ ಬೀದಿಯವರು ತಮ್ಮ ಹುಡುಗನನ್ನು ಹೊತ್ತುಕೊಂಡು ರಾತ್ರಿ ನಮ್ಮ ಬಾಗಿಲಿಗೆ ಬಂದರು. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು ರಾಮೇಶ್ವರನನ್ನು ನೆನೆದು, "ಕಲ್ಲು ಎಲ್ಲಿಗೂ ಓಡಿಹೋಗಲ್ಲ, ಮೊದಲು ಆಸ್ಪತ್ರೆಗೆ ನಡೀರಿ" ಎಂದು ಚಿಕ್ಕಪ್ಪನನ್ನು ಎಬ್ಬಿಸಿ ಗಾಡಿ ತೆಗೆಸಿದರು. ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ.